ಕಟ್ಟೆಯ ಮೇಲಿಡುತ್ತಿದ್ದ ಎಡೆ

ಕೊರೊನಾ ಮುಗಿದ ಮರುವರ್ಷದ ಮಾತು. ಮಹಾಲಯ ಅಮಾವಾಸ್ಯೆಗೆ ಇನ್ನು ಹದಿನೈದು ದಿನವಿತ್ತು. ರಾಯದುರ್ಗದ ನಮ್ಮ ಮನೆಯಲ್ಲಿ ಆ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಎಲ್ಲರ ಎಡೆಯೂ ಒಳಗೆ. ಒಂದು ಮಾತ್ರ ಹೊರಗೆ, ಬಾಗಿಲ ಬದಿಯ ಕಟ್ಟೆಯ ಮೇಲೆ. ಅದು ನನ್ನ ಮುತ್ತಜ್ಜನ ಅಪ್ಪನದು. ಬ್ರಿಟಿಷರ ಕಾಲದಲ್ಲಿ ಯಾವುದೋ ಕೊಲೆ ಕೇಸಿನಲ್ಲಿ ಅವನಿಗೆ ಕರಿನೀರಿನ ಶಿಕ್ಷೆಯಾಗಿ, ಹಡಗಿನಲ್ಲಿ ಅಂಡಮಾನಿಗೆ ಸಾಗಿಸಿದರಂತೆ. ಅಲ್ಲೇ ಸತ್ತನಂತೆ. ನಮಗೆ ಗೊತ್ತಿದ್ದದ್ದು ಇಷ್ಟೇ.

ನನಗೋ ಚಿಕ್ಕಂದಿನಿಂದ ಕೆದಕುವ ಚಾಳಿ. ಕೇಳಿದಾಗಲೆಲ್ಲ ಅಜ್ಜಿ "ಸುಮ್ನಿರು" ಅನ್ನುತ್ತಿದ್ದಳು. ಎಂಬತ್ತೈದು ದಾಟಿದ ಆ ಅಜ್ಜಿಯೇ ಅವತ್ತು ಕರೆದು ಕೂರಿಸಿಕೊಂಡಳು. "ಯಾರನ್ನ ಕೊಂದ, ಯಾಕ ಕೊಂದ, ಅಷ್ಟು ತಿಳ್ಕೊಂಡು ಬಾ. ನ್ಯಾಯಕ್ಕ ಕೊಂದಿದ್ರ ಅವನ ಎಡಿ ಒಳಗ ಇಡ್ತೀನಿ. ಇಲ್ಲಾಂದ್ರ ಹೊರಗ ಇರ್ಲಿ. ನಾ ಹೋಗೋದ್ರೊಳಗ ಇದೊಂದು ಇತ್ಯರ್ಥ ಆಗ್ಬೇಕು ನೋಡವಾ."

ನಾನು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ರಜೆ ಹಾಕಿ, ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ಬಳ್ಳಾರಿಗೆ ಹೋದೆ. ಒಂದು ಕಚೇರಿಯಲ್ಲಿ ಹಳೇ ಕೋರ್ಟು ಕಾಗದ ಕೇಳಿದರೆ ಗುಮಾಸ್ತರು, "ಹೆಸರೇನ್ರಿ? ಇಸವಿ ಯಾವುದ್ರಿ?" ಎಂದರು. ಎರಡೂ ಗೊತ್ತಿಲ್ಲ ಎಂದೆ. "ಹಂಗಾದ್ರ ನಾ ಏನ್ ಹುಡುಕ್ಲಿ ಅಕ್ಕಾರೇ?" ಎಂದು ನಕ್ಕರು. ನನಗೂ ನಗು ಬಂತು. ವಾಪಸು ಬರುತ್ತಾ ಬಸ್ಸಿನಲ್ಲೇ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ, ಅಂಡಮಾನಿಗೆ ಹೋದವರ ಸಂಗತಿ ಯಾರಿಗಾದರೂ ಗೊತ್ತೇ ಎಂದು ಕೇಳಿದೆ.

ಮಡಕಶಿರದ ಹತ್ತಿರದ ಒಂದು ಹಳ್ಳಿಯಿಂದ ಹಿರಿಯರೊಬ್ಬರು ಮಾತಾಡಿ ಕಳಿಸಿದ್ದರು. "ಹೋದೋರ್ದಾ, ಬಂದೋರ್ದಾ ಕಣಮ್ಮ? ಅಂಡಮಾನ್ ತಾತನ ಸಮಾಧಿ ನಮ್ಮ ಹಿಪ್ನೇರಳೆ ತೋಟದಾಗೇ ಐತಲ್ಲ!"

ಭಾನುವಾರ ಮೊದಲ ಬಸ್ಸಿಗೇ ಹೊರಟೆ. ಆ ಹಿರಿಯರು ಕೈದಿಯ ತಂಗಿಯ ವಂಶದವರು. ನಂಬರು ಕೊರೆದ ಒಂದು ಮರದ ಬಿಲ್ಲೆ ತಂದು ನನ್ನ ಕೈಗಿಟ್ಟರು. ಕೈದಿಗಳ ಕೊರಳಿಗೆ ಕಟ್ಟುತ್ತಿದ್ದದ್ದಂತೆ.

"ಇಪ್ಪತ್ತು ವರ್ಷ ಆದ್ಮೇಲೆ ಬಿಟ್ಟು ಕಳ್ಸಿದ್ರಂತೆ. ಮೊದ್ಲು ನಿಮ್ಮ ರಾಯದುರ್ಗದ ಮನೆಗೇ ಬಂದ. ಆದ್ರೆ ಅವನು ಹಡಗು ಹತ್ತಿದ ವರ್ಷವೇ ನಿಮ್ಮೋರು ಸತ್ತ ಅಂತ ತಿಥಿ ಮಾಡಿ, ಹೆಂಡ್ತಿ ತಾಳಿ ತೆಗೆಸ್ಬಿಟ್ಟಿದ್ರು. ತಾಳಿ ತೆಗೆದ್ಮೇಲೆ ಗಂಡ ಬಂದ ಅಂದ್ರೆ ಹೆಂಗಮ್ಮ? ಒಳಕ್ಕೆ ಬಿಡ್ಲಿಲ್ಲ. ಮೂರು ದಿನ ಕಟ್ಟೆ ಮೇಲೇ ಕೂತಿದ್ದ. ಆಯಮ್ಮ ಅಲ್ಲಿಗೇ ಅನ್ನ ತಂದಿಕ್ಕಿದ್ಳಂತೆ. ನಾಕ್ನೇ ದಿನ ಎದ್ದು ಇಲ್ಲಿಗೆ, ತಂಗಿ ಮನೆಗೆ ಬಂದ."

ಇಲ್ಲಿ ಏನು ಮಾಡಿಕೊಂಡಿದ್ದ ಎಂದು ಕೇಳಿದೆ.

"ಹೊಲಿಗೆ. ಜೈಲಾಗೆ ಕಲ್ತಿದ್ದ. ನಿಮ್ಮ ಮುತ್ತಾತ ಗುಟ್ಟಾಗಿ ಬಂದು ಅವನತ್ರನೇ ಸೂಜಿ ಹಿಡಿಯೋದು ಕಲ್ತ. ಯಾರಾದ್ರೂ ಕೇಳಿದ್ರೆ ಅಪ್ಪ ಅಂತಿರ್ಲಿಲ್ಲ, ನಮ್ಮ ಮೇಷ್ಟ್ರು ಅಂತಿದ್ನಂತೆ."

ಮುತ್ತಜ್ಜ, ಅಜ್ಜ, ಅಪ್ಪ, ಈಗ ನಾನು. ನಾಲ್ಕು ತಲೆಮಾರು ಹೊಲಿಗೆಯಲ್ಲೇ ಅನ್ನ ತಿಂದಿದ್ದೇವೆ. ಆ ಸಮಾಧಿಯ ಮುಂದೆ ಕೂತು ಅತ್ತುಬಿಟ್ಟೆ. ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ಅಜ್ಜಿ "ಅಯ್ಯೋ ಶಿವನೇ, ಬಾಗಿಲ ತನಕ ಬಂದಿದ್ನಾ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ, "ಕೊಂದದ್ದು ಯಾರನ್ನಂತ?" ಎಂದಳು.

ನಾಲಿಗೆ ಕಚ್ಚಿಕೊಂಡೆ. ಕೇಳಬೇಕೆಂದು ಹೋದದ್ದನ್ನೇ ಮರೆತು ಬಂದಿದ್ದೆ! ಈಗಲೇ ಕೇಳುತ್ತೇನೆ ಎಂದು ಫೋನ್ ತೆಗೆದರೆ ಅಜ್ಜಿ ಕೈ ಹಿಡಿದಳು. "ಬ್ಯಾಡ ಬಿಡು. ಅದರ ಶಿಕ್ಷಾ ಮುಗಿಸ್ಕೊಂಡೇ ಬಂದಿದ್ನಲ್ಲ."

ಆ ಅಮಾವಾಸ್ಯೆಗೆ ಅವನ ಎಡೆಯನ್ನು ಅಜ್ಜಿ ತಾನೇ ಒಳಗಿಟ್ಟಳು, ಎಲ್ಲರಿಗಿಂತ ಮೊದಲು.

ಅವನು ಮಾಡಿದ್ದೇನೆಂದು ನನಗೆ ಇಂದಿಗೂ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆ ಆಗಾಗ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾವು ಮಾಡಿದ್ದೇನೆಂದು ಗೊತ್ತಾದ ಮೇಲೆ, ಆ ಫೋನು ಮಾಡಲು ಮುಖವಿಲ್ಲ.