ಅವಳ ಕಾರ್ಡಿನ ನಕಲು

ಮಣಿಪಾಲದ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಮತ್ತು ನನ್ನ ಗೆಳತಿ ಸೇರಿ ಕೆಲಸ ಮಾಡುತ್ತಿದ್ದೆವು. ನಾನು ಕಾಪುವಿನಿಂದ ಬರುತ್ತಿದ್ದೆ, ಅವಳು ಶಿರ್ವದಿಂದ. ವೈದ್ಯಕೀಯ ವಿದ್ಯಾರ್ಥಿಗಳ ಪಾಠಕ್ಕೆ ಬೇಕಾದ ಅನಿಮೇಷನ್ ಮಾಡುವುದು ನಮ್ಮ ಕಸುಬು. ಮೊಣಕಾಲು ಹೇಗೆ ಮಡಚುತ್ತದೆ, ಕಿವಿಯ ತಮಟೆ ಹೇಗೆ ನಡುಗುತ್ತದೆ, ಇಂಥವು. ನಮ್ಮ ಎರಡು ಕಂಪ್ಯೂಟರುಗಳಿಗೂ ಉಡುಪಿಯ ಒಂದೇ ಅಂಗಡಿಯಿಂದ, ಒಂದೇ ದಿನ, ಒಂದೇ ಬಗೆಯ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿಸಿದ್ದೆವು.

ನನಗೆ ಕಾಯುವುದು ಬಾರದು. ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುವವಳು ನಾನು. ಆ ತಿಂಗಳು ಹೃದಯದ ಕವಾಟಗಳ ಕೆಲಸ ಬಂದಿತ್ತು. ಒಂದೊಂದು ಚಿತ್ರ ಮೂಡಲಿಕ್ಕೂ ಕಂಪ್ಯೂಟರು ಹಲವು ನಿಮಿಷ ತೆಗೆದುಕೊಳ್ಳುತ್ತಿತ್ತು. ನಾನು ಎದ್ದು ಕಿಟಕಿಗೆ ಹೋಗುತ್ತಿದ್ದೆ, ಬಂದು ಕೂರುತ್ತಿದ್ದೆ, ಮತ್ತೆ ಏಳುತ್ತಿದ್ದೆ. ಗೆಳತಿ ತನ್ನ ಪಾಡಿಗೆ ಕಿತ್ತಳೆ ಸುಲಿಯುತ್ತಾ ಕಾಯುತ್ತಿದ್ದಳು.

ಇಂಥ ಕಾರ್ಡಿನೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಎಷ್ಟು ಕರೆಂಟ್ ಎಳೆಯಬೇಕು, ಫ್ಯಾನ್ ಯಾವಾಗ ತಿರುಗಬೇಕು, ಮೆಮೊರಿಯನ್ನು ಯಾವ ವೇಗದಲ್ಲಿ ಓಡಿಸಬೇಕು ಎಂಬ ಮೂಲ ಸೂಚನೆಗಳೆಲ್ಲ ಅದರಲ್ಲಿರುತ್ತವೆ. ಫರ್ಮ್‌ವೇರ್ ಎನ್ನುವುದು ಅದನ್ನೇ. ಅದನ್ನು ಅಳಿಸಿ, ಯಾರೋ ತಿದ್ದಿದ ಬೇರೆ ಫರ್ಮ್‌ವೇರ್ ಬರೆದರೆ ಕಾರ್ಡ್ ಹೆಚ್ಚು ಕರೆಂಟ್ ಎಳೆದು ವೇಗವಾಗಿ ಓಡುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದೆ. ಗೆಳತಿಗೆ ಹೇಳಿದೆ.

"ಸರಿಯಾಗಿ ಓಡುತ್ತಾ ಉಂಟಲ್ಲ, ಅದನ್ನು ಯಾಕೆ ಮುಟ್ಟುವುದು ಮಾರಾಯ್ತಿ?" ಎಂದಳು.

ಆ ಶನಿವಾರ ಅವಳು ಅಕ್ಕನ ಮಗುವಿನ ಜ್ಞಾನಸ್ನಾನಕ್ಕೆಂದು ಇಗರ್ಜಿಗೆ ಹೋಗಿದ್ದಳು. ಮಧ್ಯಾಹ್ನದ ಊಟ ಮುಗಿಸಿ ನಾನು ಫೈಲನ್ನು ಇಳಿಸಿಕೊಂಡೆ. ನಡುವೆ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆಂದು ಓದಿದ್ದರಿಂದ ಯುಪಿಎಸ್ಸನ್ನು ಎರಡೆರಡು ಸಲ ನೋಡಿದೆ. ಅಷ್ಟು ಜಾಗ್ರತೆ ಮಾಡಿದವಳು ಹಳೆಯ ಫರ್ಮ್‌ವೇರಿನ ಒಂದು ಪ್ರತಿಯನ್ನು ತೆಗೆದಿಡಲಿಲ್ಲ. ತೆಗೆದಿಡಿ ಎಂಬ ಸಾಲನ್ನು ಓದಿಯೂ ಇದ್ದೆ, ಅದಕ್ಕೆ ಬೇಕಾದದ್ದು ಅರ್ಧ ನಿಮಿಷ. 'ಈ ಫೈಲು ಈ ಕಾರ್ಡಿನದ್ದಲ್ಲ, ಆದರೂ ಮುಂದುವರಿಯಬೇಕೆ?' ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದೆ.

ಬರೆದು ಮುಗಿಯಿತು ಎಂದು ಬಂತು. ಕಂಪ್ಯೂಟರನ್ನು ಆರಿಸಿ ಹಾಕಿದೆ. ಫ್ಯಾನುಗಳು ಒಮ್ಮೆಗೇ ಜೋರಾಗಿ ತಿರುಗಿದವು. ಪರದೆ ಕಪ್ಪಗೆ ಉಳಿಯಿತು. ಆರಿಸಿದೆ, ಹಾಕಿದೆ. ಕೇಬಲ್ ಕಿತ್ತು ಚುಚ್ಚಿದೆ. ಕಾರ್ಡನ್ನೇ ತೆಗೆದು, ಸೀರೆಯ ಸೆರಗಿನಿಂದ ಒರೆಸಿ, ಮತ್ತೆ ಕೂರಿಸಿದೆ. ಸಂಜೆ ಐದಾಗುವಾಗಲೂ ಪರದೆ ಕಪ್ಪಗೇ ಇತ್ತು.

ಸೋಮವಾರ ಗೆಳತಿ ಬಂದು ಕೇಳಿದಾಗ, "ತಾನಾಗಿ ಹೋಯಿತು" ಎಂದೆ. ಈ ಮಾತನ್ನು ಮೊದಲೇ ಯೋಚಿಸಿಟ್ಟಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ಅವಳು ನಂಬಿದಳು. ನನ್ನ ಪಾಲಿನ ಕೆಲಸವನ್ನೂ ತನ್ನ ಕಂಪ್ಯೂಟರಿಗೆ ಹಾಕಿಕೊಂಡಳು. ಮರುದಿನ ವಾರಂಟಿ ಕಾಗದ ಹುಡುಕಿ, ಕಾರ್ಡನ್ನು ಕೈಚೀಲಕ್ಕೆ ಹಾಕಿ, ನನ್ನನ್ನೂ ಕರೆದುಕೊಂಡು ಉಡುಪಿಯ ಅಂಗಡಿಗೆ ಹೊರಟಳು. ಅಲ್ಲಿನ ರಿಪೇರಿಯವರು ನಡುವಯಸ್ಸಿನ ಸಮಾಧಾನದ ಮನುಷ್ಯ. ಕಾರ್ಡನ್ನು ಮೂರು ಬಗೆಯಲ್ಲಿ ಪರೀಕ್ಷಿಸಿ, "ನೀವು ಇದಕ್ಕೆ ಎಂತಾದರೂ ಮಾಡಿದ್ದುಂಟಾ?" ಎಂದು ಕೇಳಿದರು.

ಗೆಳತಿಗೆ ಸಿಟ್ಟು ಬಂತು. "ನಾವು ಎಂತ ಮಾಡುವುದು? ಹಾಳಾದದ್ದನ್ನು ಕೊಟ್ಟು ನಮ್ಮನ್ನೇ ಕೇಳುತ್ತೀರಲ್ಲ. ಇವಳು ಎರಡು ದಿನದಿಂದ ಸರಿ ಊಟ ಮಾಡಿಲ್ಲ." ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಾತಾಡಿದಳು, ಮೋಸ ಎಂಬ ಪದವನ್ನೂ ಬಳಸಿದಳು. ನಾನು ಗಾಜಿನ ಕಪಾಟಿನಲ್ಲಿ ನೇತುಹಾಕಿದ್ದ ಮೌಸುಗಳನ್ನು ನೋಡುತ್ತಾ ನಿಂತಿದ್ದೆ.

ಅವಳು ಫೋನ್ ಬಂತೆಂದು ಹೊರಗೆ ಹೋದಾಗ ಅವರು ದನಿ ತಗ್ಗಿಸಿದರು. "ಸುಟ್ಟ ವಾಸನೆ ಇಲ್ಲ, ಕರೆಂಟ್ ಸರಿಯಾಗಿ ಎಳೆಯುತ್ತದೆ, ಫ್ಯಾನ್ ತಿರುಗುತ್ತದೆ. ಹೀಗೆ ಸುಮ್ಮನೆ ಹೋಗುವುದಿಲ್ಲ. ಫರ್ಮ್‌ವೇರ್ ಬದಲಾಯಿಸಿದ್ದೀರಿ, ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಕಂಪೆನಿಗೆ ಕಳಿಸಿದರೆ ಅವರಿಗೂ ಗೊತ್ತಾಗುತ್ತದೆ, ವಾರಂಟಿ ಸಿಗುವುದಿಲ್ಲ. ಕಾರ್ಕಳದಲ್ಲಿ ಒಬ್ಬರು ಚಿಪ್ಪಿಗೆ ನೇರ ಬರೆಯುತ್ತಾರೆ. ಅವರಿಗೆ ತೋರಿಸಿ." ಚೀಟಿಯಲ್ಲಿ ದಾರಿ ಬರೆದುಕೊಟ್ಟರು. ಗೆಳತಿ ಒಳಗೆ ಬಂದಾಗ, "ನೋಡುವ, ನಾಲ್ಕು ದಿನ ಬಿಟ್ಟು ಹೇಳುತ್ತೇನೆ" ಎಂದಷ್ಟೇ ಹೇಳಿದರು.

ಮರುದಿನ ಹುಷಾರಿಲ್ಲವೆಂದು ಗೆಳತಿಗೆ ಹೇಳಿ, ಉಡುಪಿಯ ಅಂಗಡಿಯಿಂದ ಕಾರ್ಡ್ ಪಡೆದು, ಕಾರ್ಕಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳ ಮೆಸೇಜುಗಳು ಬರುತ್ತಿದ್ದವು. ಗಂಜಿ ಕುಡಿ, ಮಲಗು, ಕೆಲಸದ ಚಿಂತೆ ಬೇಡ.

ಕಾರ್ಕಳದ ಆ ರಿಪೇರಿಯವರು ಮೂಲತಃ ಗದಗದ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬಂದು, ಬಿದ್ದು ಕಾಲು ಮುರಿದುಕೊಂಡು, ಆಮೇಲೆ ಕೂತು ಮಾಡುವ ಕೆಲಸವೆಂದು ರಿಪೇರಿ ಕಲಿತವರು. ಭೂತಗನ್ನಡಿ ಹಿಡಿದು ಕಾರ್ಡನ್ನು ನೋಡಿದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಎಂಟು ಕಾಲುಗಳ ಚಿಪ್ಪನ್ನು ತೋರಿಸಿದರು.

"ಇದ್ರಾಗ ತಪ್ಪು ಫೈಲ್ ಕುಂತೈತ್ರಿ. ನಿಮ್ಮ ಕಾರ್ಡಿನ ಮೆಮೊರಿ ಬ್ಯಾರೆ ಕಂಪನಿದು, ನೀವು ಹಾಕಿದ ಫೈಲಿಗೆ ಅದು ಗೊತ್ತಿಲ್ಲ. ಹಳೇದು ಇಟ್ಟೀರೇನು?"

ಇಲ್ಲ ಎಂದೆ. ಇಂಟರ್‌ನೆಟ್ಟಿನಿಂದ ಇನ್ನೊಂದನ್ನು ಇಳಿಸಬಹುದಲ್ಲ ಎಂದೂ ಕೇಳಿದೆ.

"ಒಮ್ಮೆ ಇಳಿಸಿದ್ದು ಸಾಕಾಗಲಿಲ್ಲೇನ್ರಿ?" ಅವರು ನಗಲಿಲ್ಲ. "ಇದರ ಜೋಡಿ ಕಾರ್ಡ್ ಯಾರ ಹತ್ರರ ಐತೇನು? ಅದರಿಂದ ನಕಲು ತಗೊಂಡು ಬರ್ರಿ."

ಯಾರ ಹತ್ತಿರ ಇದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಲ್ಲದ ಹೊತ್ತಿನಲ್ಲಿ ಅವಳ ಕಂಪ್ಯೂಟರಿನಿಂದ ತೆಗೆಯಬಹುದು ಎಂಬ ಯೋಚನೆಯೂ ಬಂತು. ಕಾರ್ಡನ್ನು ಅವರಲ್ಲೇ ಬಿಟ್ಟು ಬೆಳ್ಮಣ್ ಕಡೆಯಿಂದ ಕಾಪುವಿಗೆ ಮರಳುವ ಬಸ್ಸಿನಲ್ಲಿ ಅದನ್ನು ಮಾಡುವ ಬಗೆಯನ್ನೂ ಲೆಕ್ಕ ಹಾಕಿದೆ. ಇಷ್ಟು ಚುರುಕಾಗಿ ಯೋಚಿಸುವ ನನ್ನ ತಲೆಯ ಬಗ್ಗೆ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಬಿಡುವಷ್ಟರಲ್ಲೇ ಎಲ್ಲ ಹೇಳಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಕಾರ್ಡಿನ ವಿಷಯ ಎತ್ತಲೇ ಇಲ್ಲ.

"ಆ ಮನುಷ್ಯನಿಗೆ ಅಷ್ಟು ಜನರ ಎದುರು ಬೈದೆ ನಾನು. ನೀನು ಪಕ್ಕದಲ್ಲೇ ಇದ್ದೆ."

"ಹೌದು."

ಅವಳು ಒಳಗೆ ಬಂದು ತನ್ನ ಕಂಪ್ಯೂಟರನ್ನು ಹಾಕಿದಳು. ನಾನು ಕುರ್ಚಿ ಎಳೆಯಹೋದರೆ, "ನೀನು ಕೀಬೋರ್ಡ್ ಮುಟ್ಟಬೇಡ. ಹೇಳು, ನಾನು ಒತ್ತುತ್ತೇನೆ" ಎಂದಳು. ಇದು ಚಿಪ್ಪನ್ನು ಓದುವುದು ಮಾತ್ರ, ಅದಕ್ಕೆ ಏನನ್ನೂ ಬರೆಯುವುದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಒಂದೊಂದು ಅಕ್ಷರವನ್ನೂ ನನ್ನಿಂದ ಎರಡು ಸಲ ಹೇಳಿಸಿ ಒತ್ತಿದಳು. ಕೊನೆಯದನ್ನು ಒತ್ತುವ ಮುಂಚೆ ಕೈಯನ್ನು ಹಿಂದೆ ತೆಗೆದಳು. ಅವಳದ್ದೂ ಹೋದರೆ ನಮ್ಮ ಕಸುಬೇ ನಿಂತಂತೆ. ಒತ್ತಿದಳು. ಫೈಲು ಪೆನ್ ಡ್ರೈವಿಗೆ ಇಳಿಯಿತು. ಅದನ್ನು ನನ್ನ ಕೈಗೆ ಕೊಡಲಿಲ್ಲ, ತನ್ನ ಬ್ಯಾಗಿಗೇ ಹಾಕಿಕೊಂಡು ಕಾರ್ಕಳದ ಬಸ್ಸಿಗೆ ಬಂದಳು.

ಹಿರಿಯಡಕ ದಾಟಿದರೂ ಅವಳು ಮಡಿಲಲ್ಲಿದ್ದ ಆ ಬ್ಯಾಗಿನ ಮೇಲಿಂದ ಕೈ ತೆಗೆಯಲಿಲ್ಲ.

ಗದಗದವರು ಆ ಚಿಪ್ಪಿನ ಮೇಲೆ ಒಂದು ಕ್ಲಿಪ್ ಕಚ್ಚಿಸಿದರು. ಈ ಚಿಪ್ ಕಡಿಮೆ ವೋಲ್ಟಿನದು, ಹೆಚ್ಚು ಕೊಟ್ಟರೆ ಸುಡುತ್ತದೆ ಎಂದು ನಡುವೆ ಸಣ್ಣದೊಂದು ಅಡಾಪ್ಟರ್ ಸೇರಿಸಿದರು. ಬರೆದರು. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡಿದರು. ಕ್ಲಿಪ್ ಜರುಗಿತ್ತೆಂದು ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಮಾಡಿದರು. ನಾನು ಬಾಗಿಲಿಗೂ ಮೇಜಿಗೂ ಅಡ್ಡಾಡುತ್ತಿದ್ದೆ.

"ಅಕ್ಕಾರ, ಒಂದ್ ಕಡೆ ಕುಂದರ್ರಿ. ನನ್ನ ಕೈ ನಡಗತಾವ" ಎಂದರು. ಕೂತೆ.

ಕಾರ್ಡನ್ನು ಅವರ ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೂಲೆಯಲ್ಲಿ ಬಿಳಿ ಅಕ್ಷರಗಳು ಮೂಡಿದವು. ನನಗೆ ಅಳು ಬಂತು. ಗೆಳತಿ, "ಇನ್ನು ಉಡುಪಿ ಅಂಗಡಿಗೆ ಹೋಗುವ" ಎಂದಳು.

ಅಲ್ಲಿಗೆ ತಲುಪುವಾಗ ಬಿಸಿಲು ಇಳಿದಿತ್ತು. ಅಂಗಡಿಯಲ್ಲಿ ಮೊನ್ನೆ ಇದ್ದಷ್ಟೇ ಜನ ಇದ್ದರು. ಅವಳು ರಿಪೇರಿಯವರ ಎದುರು ನಿಂತು, ಅಂದು ಬೈದಷ್ಟೇ ಗಟ್ಟಿಯಾಗಿ, ತನ್ನದು ತಪ್ಪಾಯಿತೆಂದು ಹೇಳಿದಳು. ನಾನು ಅವಳ ಮಾತನ್ನು ತಡೆದು, ತಪ್ಪು ನನ್ನದು, ಇವರು ಕೊಟ್ಟ ಕಾರ್ಡಿನಲ್ಲಿ ದೋಷ ಇರಲಿಲ್ಲ ಎಂದೆ. ನನ್ನ ದನಿ ಅವಳದಷ್ಟು ಏಳಲಿಲ್ಲ. ಆದರೂ ಹತ್ತಿರದವರಿಗೆ ಕೇಳಿಸಿತು.

ಅವರು ಕಿಸೆಯಿಂದ ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತು ಬಿಡಿ. ಇಬ್ಬರೂ ಚಾ ಕುಡಿಯುತ್ತೀರಾ?"

ಕುಡಿದೆವು. ತುಂಬಾ ಬಿಸಿ ಇತ್ತು. ಗೆಳತಿ ತನ್ನ ಲೋಟವನ್ನು ಆರಲಿಕ್ಕೆ ಬಿಟ್ಟು, ಮುಂದಿನ ವಾರ ಕವಾಟದ ಕೆಲಸದಲ್ಲಿ ಯಾವ ಭಾಗ ನನ್ನದು, ಯಾವುದು ತನ್ನದು ಎಂದು ಹೇಳತೊಡಗಿದಳು.