ಹೊರಬೀಡಿನ ದಿನ ಉಳಿದ ಕೆಂಡ

ಕೂತಲ್ಲಿ ಕೂರದ ಹೆಣ್ಣು ಎಂದು ನನ್ನನ್ನು ಮೊದಲು ಬೈದವಳು ನಮ್ಮವ್ವ, ಆಮೇಲೆ ಅತ್ತೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಆ ವರ್ಷದ ಜಾತ್ರೆಯಲ್ಲಿ ನಾನು ಕೂರಲಾರದೆ ಒದ್ದಾಡಿದ್ದಕ್ಕೆ ಕಾರಣ ಬೇರೆ ಇತ್ತು. ಅದನ್ನು ಈಗ ಹೇಳಿಬಿಡುತ್ತೇನೆ, ಬೈಯುವವರು ಯಾರೂ ಉಳಿದಿಲ್ಲ.

ನಾನು ಹುಟ್ಟಿದ್ದು ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ. ಕೊಟ್ಟದ್ದು ಆಸ್ಪರಿ ಕಡೆಯ ಊರಿಗೆ, ಅಲ್ಲಿ ಒಂದು ಕೊಡ ನೀರಿಗೆ ಮೈಲಿ ನಡೆಯಬೇಕು. ಆಗ ಲಡಾಯಿ ನಡೆದಿತ್ತು. ಬೆಂಕಿಪೊಟ್ಟಣ ಆದವಾನಿಯ ಪೇಟೆಯಲ್ಲೂ ಸಿಗುತ್ತಿರಲಿಲ್ಲ. ಒಲೆ ಆರಿಸುವಾಗ ಒಂದು ಕುಳ್ಳಿನ ಕೆಂಡವನ್ನು ಮೂಲೆಗೆ ಎಳೆದು, ಮೇಲೆ ಬೂದಿ ಮುಚ್ಚಿ ತಟ್ಟುವುದು ನಮ್ಮವ್ವ ನನಗೆ ಕಲಿಸಿದ ಮೊದಲ ಕೆಲಸ. ‘ಒಲಿ ಪೂರಾ ಆರಿದ್ರ ಮನಿ ಆರಿದಂಗ’ ಅನ್ನುತ್ತಿದ್ದಳು. ಒಂದೊಂದು ಕೆಂಡ ಹಗಲೆಲ್ಲ ಹಾಗೇ ಜೀವ ಹಿಡಿದುಕೊಂಡಿರುತ್ತಿತ್ತು.

ಅತ್ತೆಯ ಊರಿನಲ್ಲಿ ವರ್ಷಕ್ಕೊಮ್ಮೆ ಇದಕ್ಕೆ ಪೂರಾ ಉಲ್ಟಾ. ಬಿತ್ತನೆಗೆ ಮುಂಚೆ ಒಂದು ದಿನ ಹೊರಬೀಡು. ಹೊತ್ತು ಹುಟ್ಟುವ ಮೊದಲೇ ಊರಿಗೆ ಊರೇ ಎದ್ದು ಆಚೆಯ ಬಯಲಿಗೆ ಹೋಗಬೇಕು. ಹಸುಗೂಸು, ಹಾಸಿಗೆ ಹಿಡಿದ ಮುದುಕರು, ಕೋಳಿ, ಬೆಕ್ಕು ಒಂದನ್ನೂ ಬಿಡುವಂತಿಲ್ಲ. ನೀರಿನ ಕೊಡ ಬೋರಲು ಹಾಕಬೇಕು, ಒಲೆ ತಣ್ಣಗಿರಬೇಕು. ಊರಬಾಗಿಲ ಅಗಸಿಗೆ ಮುಳ್ಳಿನ ಬೇಲಿ ಎಳೆದರೆ ಹೊತ್ತು ಮುಳುಗುವ ತನಕ ನರಪಿಳ್ಳೆ ಒಳಗೆ ಹೋಗಬಾರದು. ಖಾಲಿ ಊರಿನಲ್ಲಿ ಊರದೇವತೆ ಅಮ್ಮ ಒಬ್ಬಳೇ ಓಡಾಡಿ ರೋಗರುಜಿನ ಗುಡಿಸಿಕೊಂಡು ಹೋಗುತ್ತಾಳೆ ಎಂಬ ನಂಬಿಕೆ. ಯಾರ ಮನೆಯಲ್ಲಾದರೂ ಕಿಡಿ ಉಳಿದರೆ ಆಕೆ ಒಳಗೆ ಕಾಲಿಡುವುದಿಲ್ಲ. ಹಿಂದೆ ಯಾವುದೋ ಮನೆಯ ಸೊಸೆ ಕಿಡಿ ಉಳಿಸಿದ್ದಳಂತೆ. ಅವಳನ್ನು ತವರಿಗೆ ಅಟ್ಟಿದವರು ಮತ್ತೆ ಕರೆಯಲೇ ಇಲ್ಲವಂತೆ. ಇದನ್ನು ನನಗೆ ಓಣಿಯ ಹೆಂಗಸರು ನಾಕು ಸಲ ಹೇಳಿದ್ದರು, ಒಂದೊಂದು ಸಲವೂ ಉಪ್ಪುಖಾರ ಹಚ್ಚಿ.

ಮದುವೆಯಾಗಿ ಆರು ತಿಂಗಳಾಗಿತ್ತು. ಆವತ್ತು ನಸುಕಿನಲ್ಲಿ ಅತ್ತೆ ಗಾಡಿ ಹತ್ತುತ್ತಾ, ‘ಒಲಿ ಆರಿಸಿ ಬಾ’ ಅಂದಳು. ಮಾತು ಸರಿಯಾಗಿಯೇ ಕೇಳಿತ್ತು, ಕೈ ಕೇಳಲಿಲ್ಲ. ಸೌದೆಗೆ ನೀರು ಚಿಮುಕಿಸಿದೆ, ಕೊಡ ಬೋರಲು ಹಾಕಿದೆ, ಓಡಿ ಬಂದು ಗಾಡಿ ಹತ್ತಿದೆ.

ಅಯ್ಯೋ, ಬಯಲಿನ ಆ ಜಾತ್ರೆ! ಆದವಾನಿಯಿಂದ ಬಳೆಗಾರರು, ಮಿಠಾಯಿಯವರು, ಕೈಯಿಂದ ತಿರುಗಿಸುವ ಮರದ ತೊಟ್ಟಿಲಿನವರು ಬಂದಿದ್ದರು. ಎತ್ತುಗಳ ಕೈಲಿ ಬಂಡೆ ಎಳೆಸುವಲ್ಲಿ ಧೂಳೋ ಧೂಳು. ‘ಲಾಗರಾ, ಲಾಗು!’ ಎಂದು ತೆಲುಗಿನಲ್ಲಿ ಕೂಗುವವರು ಒಂದು ಕಡೆ, ‘ಎಳಿಯಲೇ ನಮ್ಮಪ್ಪಾ!’ ಅನ್ನುವವರು ಇನ್ನೊಂದು ಕಡೆ. ಒಂದೇ ಬಾಯಿ ಎರಡನ್ನೂ ಕೂಗುತ್ತಿತ್ತು. ನಾನು ಮಂಡಕ್ಕಿ ಮುಕ್ಕುತ್ತಾ, ಕೈತುಂಬ ಹಸಿರು ಬಳೆ ಹಾಕಿಸಿಕೊಂಡು, ತೊಟ್ಟಿಲು ಏರಲು ಗಂಡನನ್ನು ಕಾಡುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಗಾಡಿಯ ಮುದುಕಿ ಬಯಲಿನಲ್ಲಿ ಅಡುಗೆಗೆ ಹೂಡಿದ್ದ ಕಲ್ಲೊಲೆಯ ಬೂದಿ ಕೆದಕಿ, ಒಂದು ಕೆಂಡ ಎತ್ತಿ ಗಂಡನ ಚುಟ್ಟಕ್ಕೆ ಹಿಡಿದಳು. ಬೆಳಿಗ್ಗೆ ಬೂದಿ ತಟ್ಟಿದ ಬಿಸುಪು ಅಂಗೈಗೆ ಹಾಗೇ ನೆನಪಾಯಿತು. ಕೆಂಡ ಎಳೆದಿದ್ದೆ. ಮುಚ್ಚಿದ್ದೆ. ದಿನಾ ಮಾಡಿದ ಹಾಗೇ ಮಾಡಿದ್ದೆ!

ಅಲ್ಲಿಂದ ನನಗೆ ಜಾತ್ರೆ ಕಾಣಲಿಲ್ಲ. ತೊಟ್ಟಿಲು ಏರಿಸುತ್ತೇನೆಂದು ಗಂಡ ಬಂದರೆ ತಲೆನೋವು ಎಂದೆ. ಮೂರು ಸಲ ಬೇಲಿಯ ತನಕ ಹೋದೆ. ಮೂರನೇ ಸಲ ಕಾವಲಿನವನು ನಕ್ಕ: ‘ಏನವ್ವಾ, ಊರು ಎಲ್ಲಿಗೂ ಓಡಿ ಹೋಗಲ್ಲ, ಇಲ್ಲೇ ಐತಿ.’ ಅವನ ಬಾಯಿಗೆ ಮಣ್ಣು ಹಾಕಬೇಕೆನ್ನಿಸಿತು. ಬೇಲಿಯಾಚೆ ನಮ್ಮ ಮಾಳಿಗೆ ಕಾಣುತ್ತಿತ್ತು. ಹೊಗೆ ಏಳುತ್ತದೆಯೋ ಎಂದು ನೋಡಿ ನೋಡಿ ಕಣ್ಣು ಉರಿದವು. ನಿಂತರೆ ಕೂರಬೇಕು, ಕೂತರೆ ಏಳಬೇಕು. ತವರಿಗೆ ಅಟ್ಟಿದರೆ ಅವ್ವನಿಗೆ ಏನು ಹೇಳಲಿ? ನೀನೇ ಕಲಿಸಿದ್ದು ಎನ್ನಲೇ?

ಹೊತ್ತು ಇಳಿಯುವಾಗ ತಡೆಯಲಾಗದೆ ಅತ್ತೆಯ ಪಕ್ಕ ಕೂತೆ. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ, ನಿಜ ಹೇಳುತ್ತೇನೆ. ಆರು ತಿಂಗಳಲ್ಲಿ ಒಂದು ದಿನವೂ ರೊಟ್ಟಿ ಬಡಿಯಲು ಬಿಟ್ಟಿರಲಿಲ್ಲ. ‘ಹೊಳಿ ದಂಡಿಯೋರಿಗೆ ರೊಟ್ಟಿ ಏನ್ ಗೊತ್ತು, ಅನ್ನ ತಿಂದ ಕೈ’ ಎಂದು ಬಂದವರೆದುರು ಆಡಿಕೊಳ್ಳುತ್ತಿದ್ದಳು. ಆದರೆ ಇನ್ಯಾರಿಗೆ ಹೇಳುವುದು?

‘ಅತ್ತೀ, ಒಲ್ಯಾಗ ಕೆಂಡ ಮುಚ್ಚಿ ಬಂದೀನಿ.’

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬೆರಳು ನಿಂತಿತು. ‘ನೋರ್ ಮುಯ್ಯಿ,’ ಅಂದಳು, ಬಾಯಿ ಮುಚ್ಚು ಎಂದು. ಸಿಟ್ಟು ಬಂದಾಗ ಆಕೆಗೆ ತೆಲುಗೇ ಬರುತ್ತಿತ್ತು. ಆಮೇಲೆ ಎಲೆ ಮಡಚಿ ಬಾಯಿಗಿಟ್ಟುಕೊಂಡಳು.

ಹಲಗೆ ಬಾರಿಸಿದರು, ಬೇಲಿ ಸರಿಸಿದರು. ಬಯಲಿನಲ್ಲಿ ಅಮ್ಮನ ಮುಂದೆ ಹಚ್ಚಿದ ದೀಪದಿಂದ ಮನೆಮನೆಗೆ ಹೊಸ ಬೆಂಕಿ ತರಬೇಕು. ಅದಕ್ಕೆ ಮೊದಲು ಊರ ಹಿರಿಯರು ಬಾಗಿಲಿಗೆ ಬಂದು ಕೇಳುತ್ತಾರೆ, ಒಲೆ ಮುಟ್ಟಿ ನೋಡಿ ಮನೆಯ ಹೆಂಗಸು ಉತ್ತರ ಹೇಳಬೇಕು. ಹೊಸ ಸೊಸೆ ಇದ್ದ ಮನೆಯಲ್ಲಿ ಅವಳೇ ಹೋಗಿ ಮುಟ್ಟುವುದು ಪದ್ಧತಿ. ನಾನು ಹೊಸ್ತಿಲು ದಾಟಲು ಕಾಲೆತ್ತಿದ್ದೆ.

‘ಸರೀ ಆಚಿಗೆ. ಈಕಿಗೆ ಏನ್ ತಿಳೀತೈತಿ?’ ಎಂದು ನನ್ನನ್ನು ತಳ್ಳಿ ಅತ್ತೆ ಒಳಗೆ ಹೋದಳು. ಹಿರಿಯರು ನಕ್ಕರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದ ಒಬ್ಬ. ಒಳಗೆ ಬೋರಲು ಹಾಕಿದ ಕೊಡ, ಕೆಂಡ ಆರಿಸಲು ಒಂದು ಹನಿ ನೀರಿರಲಿಲ್ಲ.

ಹಿರಿಯರು ಕೂಗಿದರು: ‘ಒಲಿ ತಣ್ಣಗೈತೇನವ್ವಾ?’

ಇನ್ನೊಂದು ಸಲ ಕೂಗಿದರು.

ಅತ್ತೆ ಹೊರಗೆ ಬಂದಳು. ಬಲಗೈ ಸೆರಗಿನಲ್ಲಿತ್ತು. ‘ತಣ್ಣಗೈತ್ರಿ. ಅಮ್ಮನಾಣಿಗೂ ತಣ್ಣಗೈತಿ,’ ಅಂದಳು. ಹಿರಿಯರು ಮುಂದಿನ ಮನೆಗೆ ಹೋದರು.

ಹೊಸ ಬೆಂಕಿ ಬಂತು. ಹೊರಬೀಡಿನ ದಿನ ಮೊದಲ ರೊಟ್ಟಿಯನ್ನು ಮನೆಯ ಯಜಮಾನಿ ಬಡಿಯಬೇಕು. ಅತ್ತೆ ಗಂಡಸರಿಗೆ ಕೇಳುವಂತೆ, ‘ಇವತ್ತಿಂದ ಸೊಸಿ ಬಡೀತಾಳ,’ ಅಂದಳು. ಮಾವ ಹುಬ್ಬೇರಿಸಿ, ಜಾತ್ರೆಯಲ್ಲಿ ಇವಳಿಗೇನೋ ಒಳ್ಳೇ ಗಾಳಿ ಬಡಿದಿದೆ ಎಂದ. ನನ್ನ ರೊಟ್ಟಿ ನಡುವೆ ಹರಿಯಿತು, ಅಂಚು ದಪ್ಪವಾಯಿತು. ಗಂಡಸರು ಅದನ್ನೇ ತಿಂದರು. ಅತ್ತೆ ಮಾತ್ರ ಹೊಟ್ಟೆ ತುಂಬಿದೆ ಎಂದು ಎದ್ದು ಹಿತ್ತಿಲಿಗೆ ಹೋದಳು.

ಗಂಗಾಳದಲ್ಲಿ ರೊಟ್ಟಿ, ಚಟ್ನಿ ಹಿಡಿದು ಹಿಂದೆಯೇ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ಅಂಗೈ ಊದಿಕೊಳ್ಳುತ್ತಿದ್ದಳು. ನೋಡಿದೆ. ನಡುವೆ ಚರ್ಮ ಬಿಳಿಚಿ ಎದ್ದಿತ್ತು, ಸುತ್ತ ಬೂದಿ. ಕೆಂಡವನ್ನು ಹಿಡಿಯಲ್ಲೇ ಹಿಸುಕಿದ್ದಳು. ನಾನು ಅತ್ತುಬಿಟ್ಟೆ. ಅಮ್ಮನ ಮೇಲೆ ಸುಳ್ಳು ಆಣೆ ಇಟ್ಟದ್ದಕ್ಕೋ, ಆ ಕೈಗೋ, ಗೊತ್ತಿಲ್ಲ.

‘ಅಳಬ್ಯಾಡ. ಯಾರಾದ್ರೂ ಬಂದಾರು,’ ಅಂದಳು.

ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಆಕೆಯ ಬಾಯಿಗಿಟ್ಟೆ. ಅಗಿದಳು.

‘ಅಂಚು ಬೆಂದಿಲ್ಲ,’ ಅಂದು, ಇನ್ನೊಂದು ತುತ್ತಿಗೆ ಬಾಯಿ ತೆರೆದಳು.