ಮೆಣಸಿನಕಾಯಿ ಗೋದಾಮಿನಲ್ಲಿ ಅಕ್ಕ ಹೇಳಿದ ಸಿನಿಮಾ

ಅಕ್ಕ ತೀರಿಕೊಂಡ ಮೇಲೆ ಐದು ತಿಂಗಳು ನಾನು ಅವಳ ಮನೆಯ ಹೊಸ್ತಿಲು ದಾಟಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿಗೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಹೊರಗಿನ ಕಟ್ಟೆಯ ಮೇಲೆ ಕುಳಿತು, ಅಕ್ಕನ ಮಗಳು ತಂದುಕೊಟ್ಟ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೆ. ಒಳಗೆ ಹೋದರೆ ನನಗೆ ದುಃಖ ತಡೆಯಲಾಗುವುದಿಲ್ಲ ಎಂದು ಜನ ತಿಳಿದುಕೊಂಡರು. ಹಾಗೇ ತಿಳಿದುಕೊಳ್ಳಲಿ ಎಂದು ಬಿಟ್ಟೆ. ನಿಜ ಬೇರೆ ಇತ್ತು. ನನಗೆ ಹೆದರಿಕೆ ಇತ್ತು, ಅಕ್ಕನ ಹೆದರಿಕೆ.

ಐವತ್ತರ ಹತ್ತಿರ ಬಂದ ಹೆಂಗಸು ನಾನು. ನನ್ನ ಎರಡೂ ಬಾಣಂತನ ಮಾಡಿದವಳು ಅಕ್ಕ. ಅವಳಿಗೆ ಹೆದರುತ್ತೇನೆ ಎಂದು ಯಾರ ಮುಂದೆ ಹೇಳಲಿ? ಕಡೆಯ ದಿನಗಳಲ್ಲಿ ಅವಳು ಮಲಗಿದ್ದ ಕೋಣೆಯನ್ನು ನೆನೆಸಿಕೊಂಡರೆ, ಬಾಗಿಲಿನ ಹಿಂದೆ ಅವಳು ನನಗಾಗಿಯೇ ಕಾಯುತ್ತ ನಿಂತಿದ್ದಾಳೆ ಅನ್ನಿಸುತ್ತಿತ್ತು. ಪ್ರೀತಿಯಿಂದ ನಿಂತಿದ್ದಾಳೆ ಎಂದು ಮಾತ್ರ ಅನ್ನಿಸುತ್ತಿರಲಿಲ್ಲ. ಅವಳಿಗಾಗಿ ಅಳುವುದಕ್ಕೂ ಈ ಹೆದರಿಕೆ ನನ್ನನ್ನು ಬಿಡಲಿಲ್ಲ.

ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಒಂದು ಸಿನಿಮಾದಿಂದ.

ನಮ್ಮ ತವರು ಹತ್ತಿಮತ್ತೂರು. ನಾನು ಮೂರನೇ ತರಗತಿಯಲ್ಲಿ, ಅಕ್ಕ ಏಳನೇ ತರಗತಿಯಲ್ಲಿ ಇದ್ದಾಗ ಊರಿನವರು ಸವಣೂರಿನಿಂದ ಟೀವಿ, ವಿಸಿಆರ್ ಬಾಡಿಗೆಗೆ ತರಿಸಿದರು. ರಾತ್ರಿ ಕರೆಂಟಿನ ಭರವಸೆ ಇರಲಿಲ್ಲ. ಹಾಗಾಗಿ ಮಧ್ಯಾಹ್ನವೇ, ಒಣಮೆಣಸಿನಕಾಯಿ ತುಂಬುವ ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ದೇವಿಯ ಮಹಿಮೆಯ ಸಿನಿಮಾ ಎಂದು ಹೇಳಿದ್ದರು. ಹೆಂಗಸರು ಕಾಲು ತೊಳೆದುಕೊಂಡು ಬಂದರು. ಟೀವಿಗೆ ವಿಭೂತಿ ಹಚ್ಚಿ, ಹೂವಿನ ಸರ ಹಾಕಿ, ಕಾಯಿ ಒಡೆದರು. ಆದರೆ ಡಬ್ಬಿಯಲ್ಲಿ ಬಂದದ್ದು ಬೇರೆ ಕ್ಯಾಸೆಟ್ಟು, ಮಲಯಾಳದ ದೆವ್ವದ ಸಿನಿಮಾ. ಒಂದು ಮಾತೂ ಯಾರಿಗೂ ತಿಳಿಯಲಿಲ್ಲ. ಬಿಳಿ ಸೀರೆಯುಟ್ಟು ಕೂದಲು ಬಿಟ್ಟುಕೊಂಡವಳು ಬಾವಿಯ ಕಡೆಯಿಂದ ನಡೆದು ಬಂದಾಗ, ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಕೈ ಮುಗಿದಳು.

“ಯಾವ ಊರ ದೇವಿಯವಾ ಈಕಿ?”

“ಆಯೀ, ಕೈ ಇಳಸ. ಅದು ದೆವ್ವ ಐತಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಇರಲಿ ಬಿಡೋ. ಕಾಯಿ ಒಡದೇವಿ, ನಮಗೇನೂ ಮಾಡಂಗಿಲ್ಲ,” ಎಂದಳು ಮುದುಕಿ.

ಎಲ್ಲರೂ ನಕ್ಕರು. ನಗುತ್ತ ನಗುತ್ತ ಮೆಣಸಿನಕಾಯಿಯ ಘಾಟಿಗೆ ಸೀನಿದರು. ಯಾರೂ ಎದ್ದು ಹೋಗಲಿಲ್ಲ.

ನಾನು ನಗಲಿಲ್ಲ. ಅಂದು ಬೆಳಿಗ್ಗೆ ಒಂದು ಕೆಂಪು ರಿಬ್ಬನ್ನಿಗಾಗಿ ಅಕ್ಕನಿಗೂ ನನಗೂ ಜಗಳವಾಗಿತ್ತು. ಅದು ನನ್ನದು. ಅವಳು ಕಸಿದು ಕಟ್ಟಿಕೊಂಡಿದ್ದಳು. “ನೀ ಸಾಯಿ” ಎಂದು ಬೈದಿದ್ದೆ. ಈಗ ಅವಳ ಪಕ್ಕದಲ್ಲೇ ಕುಳಿತಿದ್ದೆ. ದೆವ್ವ ಬಂದ ಕೂಡಲೇ ಅಕ್ಕ ಅಂಗೈಯಿಂದ ನನ್ನ ಕಣ್ಣು ಮುಚ್ಚಿದಳು.

“ನೀ ನೋಡಬ್ಯಾಡ. ನಾ ಹೇಳ್ತೇನಿ.”

“ನಿನಗ ಆ ಭಾಷಾ ಬರತೈತೇನ?”

“ಎಲ್ಲಾ ತಿಳೀತೈತಿ. ಸುಮ್ನ ಕೇಳು.”

ಕಿವಿಯಲ್ಲಿ ಹೇಳತೊಡಗಿದಳು. ಅಲ್ಲಿ ಇಬ್ಬರು ಅಕ್ಕತಂಗಿಯರಂತೆ. ತಂಗಿ ಅಕ್ಕನಿಗೆ ಸಾಯಿ ಎಂದು ಬೈದಳಂತೆ. ಅಕ್ಕ ಬಾವಿಗೆ ಬಿದ್ದು ಸತ್ತಳಂತೆ. ಈಗ ತಂಗಿಯನ್ನು ಹುಡುಕಿಕೊಂಡು ಬಂದಿದ್ದಾಳಂತೆ.

“ಈಗ ಅಂಗಳದಾಗ ಬಂದ್ಲು. ಈಗ ಕಟ್ಟಿ ಹತ್ತಿದ್ಲು. ಬಾಗಲ ಮುಂದ ನಿಂತು, ತಂಗೀ, ಬಾಗಲಾ ತಗಿ ಅನ್ನಾಕತ್ತಾಳ...”

ಅವಳ ಕೈ ಕಿತ್ತುಕೊಂಡು, ಗೋಣಿಚೀಲ ಸರಿಸಿ, ಬಿಸಿಲಿಗೆ ಓಡಿಬಿಟ್ಟೆ. ಕೊನೆ ನೋಡಲಿಲ್ಲ. ಆಮೇಲೆ ಅಕ್ಕ ಎಷ್ಟೋ ಸಲ, “ಪೂರಾ ಕೇಳಬೇ, ಕಡೀಕೆ ಏನಾತು ಗೊತ್ತೇನ?” ಎಂದು ಶುರು ಮಾಡುತ್ತಿದ್ದಳು. ನಾನು ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದೆ. ದೊಡ್ಡವರಾದ ಮೇಲೂ ಅವಳು ನಗುತ್ತ ಅದೇ ಮಾತು ತೆಗೆಯುತ್ತಿದ್ದಳು, ನಾನು ಕಿವಿ ಮುಚ್ಚುತ್ತಿದ್ದೆ. ಅದೊಂದು ಆಟವಾಗಿಹೋಯಿತು.

ಮಾನವಮಿ ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಅಕ್ಕನ ಮಗಳು ನಮ್ಮ ಮನೆಗೆ ಬಂದಳು. ಆ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರಿಗೆ ಸೇರುತ್ತಿದ್ದ ಅಡುಗೆ, ಹೊಸ ಬಟ್ಟೆ ಇಟ್ಟು, ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಕುಳಿತುಕೊಳ್ಳುತ್ತಾರೆ. ಅವರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಒಬ್ಬರು ಬಾಗಿಲು ಬಡಿದು, ತೆಗೆದು, ಮೊದಲು ಒಳಗೆ ಹೋಗಬೇಕು.

“ಅವ್ವನ ಮೊದಲನೇ ಎಡಿ. ಬಾಗಲಾ ನೀನ ತಗೀಬೇಕು ಚಿಗವ್ವ,” ಎಂದಳು.

“ನಾ ಯಾಕ? ಮಗಳು ನೀ ಇದ್ದೀಯಲ್ಲ.”

“ಅವ್ವನ ತವರಿನಾಗ ಉಳದಾಕಿ ನೀ ಒಬ್ಬಾಕಿ. ಬರಾಕ ಮನಸಿಲ್ಲಂದ್ರ ಹೇಳಿಬಿಡು. ಅವ್ವ ಇದ್ದಾಗ ವಾರಗಟ್ಟಲೆ ಇರತಿದ್ದಿ. ಈಗ ಕಟ್ಟಿ ಬಿಟ್ಟು ಒಳಗ ಬರಂಗಿಲ್ಲ. ನಾ ಏನರ ತಪ್ಪ ಮಾಡೇನೇನು?”

ಅವಳ ಕಣ್ಣು ತುಂಬಿದ್ದವು. ತಾಯಿ ಹೋದ ಮನೆಗೆ ತಾಯಿಯ ತಂಗಿಯೂ ಬಾರದಿದ್ದರೆ ಆ ಹುಡುಗಿ ಏನೆಂದು ತಿಳಿಯಬೇಕು? ಎಲ್ಲ ಹೇಳಿಬಿಟ್ಟೆ. ಗೋದಾಮು, ರಿಬ್ಬನ್ನು, ಬೈದದ್ದು, ಬಾಗಿಲು.

ಅವಳು ನಗಲಿಲ್ಲ. “ಆ ಸಿನಿಮಾ ಈಗ ನೋಡೂಣು ಬಾ,” ಎಂದಳು. ಹೆಸರು ನನಗೆ ಗೊತ್ತಿರಲಿಲ್ಲ. ಬಾವಿಯ ಪಕ್ಕದಲ್ಲಿ ತಾನೇ ತೂಗುವ ಉಯ್ಯಾಲೆ ಇತ್ತು ಎಂದೆ. ಅವಳು ಮೊಬೈಲಿನಲ್ಲಿ ಹುಡುಕಿದಳು. ನಾಲ್ಕೈದು ಬೇರೆ ಬಂದವು. ಆಮೇಲೆ ಆ ಉಯ್ಯಾಲೆ ಬಂತು. ಕನ್ನಡದ ದನಿ ಹಾಕಿದ್ದರು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಬ್ಬರೂ ನೋಡಿದೆವು.

ತುಟಿಗೂ ಮಾತಿಗೂ ಹೊಂದಿಕೆ ಇರಲಿಲ್ಲ. ಆದರೂ ಆ ಮಬ್ಬು, ಗಾಳಿಯ ಸದ್ದು, ಯಾರೂ ಇಲ್ಲದೆ ತೂಗುವ ಹಲಗೆ ನೋಡುವಾಗ ಹಾಡುಹಗಲಿನಲ್ಲಿಯೇ ಅಕ್ಕನ ಮಗಳ ಹತ್ತಿರಕ್ಕೆ ಸರಿದು ಕುಳಿತೆ. ಬಾಗಿಲಿನ ಭಾಗ ಬರುತ್ತದೆಂದು ಕಾದೆ. ಅದು ಬಂತು. ಬಿಳಿ ಸೀರೆಯವಳು ಕಟ್ಟೆ ಹತ್ತಿ ನಿಂತಳು. ಒಂದು ಮಾತೂ ಆಡಲಿಲ್ಲ. ಅವಳಿಗೆ ತಂಗಿಯೇ ಇರಲಿಲ್ಲ. ಅವಳು ಆ ಮನೆಯ ಸೊಸೆ. ಗಂಡನೇ ಅವಳನ್ನು ಬಾವಿಗೆ ತಳ್ಳಿದ್ದ. ಅವಳು ಹುಡುಕುತ್ತಿದ್ದದ್ದು ಅವನನ್ನು. ಕೊನೆಗೆ ಒಬ್ಬ ಮಂತ್ರವಾದಿ ಬಂದು ಅವಳನ್ನು ಒಂದು ಮರಕ್ಕೆ ಮೊಳೆ ಹೊಡೆದು ಕಟ್ಟಿದ. ಅವಳನ್ನು ನೋಡಿ ಪಾಪ ಅನ್ನಿಸಿತು. ನಲವತ್ತು ವರ್ಷ ನಾನು ಹೆದರಿದ ದೆವ್ವ ಆ ಸಿನಿಮಾದಲ್ಲಿ ಎಲ್ಲಿಯೂ ಇರಲಿಲ್ಲ.

ಅಕ್ಕನಿಗೆ ಆ ಭಾಷೆ ಒಂದಕ್ಷರವೂ ಬರುತ್ತಿರಲಿಲ್ಲ.

“ಚಿಗವ್ವ, ನೀ ಹೇಳಿದ ಕತಿ ನನಗ ಗೊತ್ತೈತಿ,” ಎಂದಳು ಅಕ್ಕನ ಮಗಳು. “ಸಣ್ಣಾಕಿದ್ದಾಗ ಮಲಗಿಸೋ ಮುಂದ ಅವ್ವ ಹೇಳ್ತಿದ್ಲು. ಸಿನಿಮಾದ್ದು ಅಂತ ಗೊತ್ತಿರಲಿಲ್ಲ.”

“ಕಡೀಕೆ ಏನಾಗತೈತಿ?”

ಕೇಳುವಾಗಲೇ ನನ್ನ ಕೈಗಳು ಕಿವಿಯ ಹತ್ತಿರ ಹೋಗಿದ್ದವು. ಇಳಿಸಿದೆ.

“ತಂಗಿ ಬಾಗಲಾ ತಗೀತಾಳ. ಅಕ್ಕ ತೊಯ್ಸಿಕೊಂಡು ನಿಂತಿರತಾಳ. ‘ನೀ ಬೈದದ್ದಕ್ಕ ಅಲ್ಲವಾ, ಕಾಲು ಜಾರಿ ಬಿದ್ನಿ’ ಅಂತಾಳ. ‘ತಗೋ ನಿನ್ನ ರಿಬ್ಬನ್’ ಅಂತ ಕೊಡತಾಳ. ಆಮ್ಯಾಲೆ, ‘ತಲಿ ಕೆದರೇತಿ, ಹೊಳ್ಳಿ ಕುಂದ್ರು’ ಅಂದು ತಲಿ ಬಾಚಿ ಹೆಳಲ ಹಾಕಿ ಹೋಗತಾಳ. ಅಷ್ಟ.”

“ಕೆಂಪು ರಿಬ್ಬನ್ನಾ?”

“ಹೂಂ, ಕೆಂಪು. ಅವ್ವ ಅದನ್ನ ಮರೀತಿದ್ದಿಲ್ಲ.”

ಆ ಕೊನೆಯನ್ನು ಅಕ್ಕ ಗೋದಾಮಿನಲ್ಲಿಯೇ ಕಟ್ಟಿದ್ದಳೋ, ನಾನು ಓಡಿಹೋದದ್ದು ನೋಡಿ ಆಮೇಲೆ ಕಟ್ಟಿದಳೋ, ಗೊತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ. ಇದ್ದಾಗ ಹೇಳಲು ಬಂದಳು, ನಾನು ಕೇಳಲಿಲ್ಲ. ಐದು ತಿಂಗಳಲ್ಲಿ ಮೊದಲ ಸಲ ಅಂದು ಮನಸಾರೆ ಅತ್ತೆ.

ಅಮಾವಾಸ್ಯೆಯ ದಿನ ಹಿರೇಕೆರೂರಿಗೆ ಹೋದೆ. ಅಕ್ಕನಿಗೆ ಸೇರುತ್ತಿದ್ದ ಕುರುಕಲು ತಿಂಡಿ, ಸವಣೂರಿನ ಖಾರ, ತರಿಸಿಟ್ಟುಕೊಂಡು ಒಯ್ದಿದ್ದೆ. ಹೋಳಿಗೆ, ಕಟ್ಟಿನ ಸಾರು, ಹಸಿರು ಸೀರೆಯ ಪಕ್ಕದಲ್ಲಿ ಅದನ್ನೂ ಇಟ್ಟರು. ಅವಳು ಯಾವಾಗಲೂ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದಳೆಂದು ಚಹಾವನ್ನು ಬಸಿಯಲ್ಲಿಯೇ ಇಟ್ಟರು. ಬಾಗಿಲು ಎಳೆದುಕೊಂಡು ಎಲ್ಲರೂ ಕಟ್ಟೆಯ ಮೇಲೆ ಕುಳಿತೆವು.

ಹೊತ್ತಾದ ಮೇಲೆ ಅಕ್ಕನ ಮಗಳು ನನ್ನ ಕಡೆ ನೋಡಿದಳು. ಎದ್ದೆ. ಬಾಗಿಲ ಮುಂದೆ ನಿಂತಾಗ ಗಮನಕ್ಕೆ ಬಂತು: ಇಷ್ಟು ವರ್ಷ ಹೊರಗೆ ನಿಂತು ಕರೆಯುವವಳು ಅವಳು ಎಂದುಕೊಂಡಿದ್ದೆ. ಹೊರಗೆ ನಿಂತಿದ್ದವಳು ನಾನು.

“ಅಕ್ಕಾ, ಬಾಗಲಾ ತಗೀತೇನಿ,” ಎಂದು ಬಡಿದೆ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಹೆದರಿಕೆ ಪೂರ್ತಿ ಹೋಗಿತ್ತು ಎಂದರೆ ಸುಳ್ಳಾಗುತ್ತದೆ.

ಒಳಗೆ ದೀಪ ಉರಿಯುತ್ತಿತ್ತು. ಬಸಿಯ ಚಹಾದ ಮೇಲೆ ಕೆನೆ ಕಟ್ಟಿತ್ತು. ಎಡೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತೆ. ಹಿಂದೆಯೇ ಬಂದ ಅಕ್ಕನ ಮಗಳು ನನ್ನ ಮುಂದೆ ಹೋಳಿಗೆ ಇಟ್ಟಳು.

“ಬಸ್ಸಿಗೆ ಹೊತ್ತಾಗಿಲ್ಲೇನ ಚಿಗವ್ವ?” ಎಂದು ಚುಚ್ಚಿದಳು.

“ಇವತ್ತ ಹೋಗಂಗಿಲ್ಲ,” ಎಂದೆ. “ತುಪ್ಪ ತಾ.”